ನಾಲ್ಕು ಹಾಳೆಗಳ ಊರು

ನಾನು ಹುಟ್ಟಿದ್ದು ವಲಾಂಡಿಯಲ್ಲಿ. ಈ ವಾರ್ಷಿಕದ ಓದುಗರಲ್ಲಿ ಆ ಹೆಸರು ಕೇಳಿದವರು ಬಹಳ ಮಂದಿ ಇರಲಾರರು. ಉದಗೀರ, ನಿಲಂಗಾ, ಉಮರ್ಗಾ ಎಂದು ಕರೆಯುವ ಮರಾಠವಾಡದ ಗಡಿಸೀಮೆಯ ಊರು ಅದು. ಈಗ ಮಹಾರಾಷ್ಟ್ರದ ಲಾತೂರು ಜಿಲ್ಲೆಗೆ ಸೇರಿದೆ. ಪಕ್ಕದ ದೇವಣಿಯ ಹೆಸರಿನ ದನದ ತಳಿಯನ್ನು ಒಕ್ಕಲುತನ ಬಲ್ಲವರು ಕೇಳಿರಬಹುದು. ನಮ್ಮ ಮನೆಯಲ್ಲಿ ಆಡುವುದು ಕನ್ನಡ, ನಾನು ಶಾಲೆಯಲ್ಲಿ ಕಲಿತದ್ದು ಮರಾಠಿ, ಅಜ್ಜನ ಕಾಲದ ಹೊಲದ ಕಾಗದಗಳಲ್ಲಿ ಇದ್ದದ್ದು ಉರ್ದು. ಈ ಮೂರನ್ನೂ ಒಂದೇ ಟ್ರಂಕಿನಲ್ಲಿ ಇಟ್ಟುಕೊಂಡು ಬೆಳೆದವನಿಗೆ ಕಾಸರಗೋಡು ಅಷ್ಟೇನೂ ಪರಸ್ಥಳವೆನಿಸಲಿಲ್ಲ.

1983ರಲ್ಲಿ ಕೇಂದ್ರ ಸರಕಾರದ ಒಂದು ಸಣ್ಣ ಕೆಲಸದ ಮೇಲೆ ಇಲ್ಲಿಗೆ ಬಂದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಕಡಲನ್ನು ಕಂಡದ್ದು ಅದೇ ಮೊದಲು. ವರ್ಗಾವಣೆಯ ಆದೇಶದಲ್ಲಿ ಊರಿನ ಹೆಸರು ಓದಿದಾಗ ನಮ್ಮ ನಿಲಂಗಾ ತಾಲೂಕಿನ ಕಾಸಾರ ಶಿರಸಿ ನೆನಪಿಗೆ ಬಂತು. ಮರಾಠಿಯಲ್ಲಿ ಕಾಸಾರನೆಂದರೆ ಬಳೆ, ಹಿತ್ತಾಳೆ ಪಾತ್ರೆ ಮಾರುವವನು. ಇದೂ ಕಾಸಾರರ ಊರೇ ಇರಬೇಕೆಂದು ರೈಲಿನಲ್ಲಿ ಬರುತ್ತಾ ಮನಸ್ಸಿನಲ್ಲೇ ಒಂದು ಚರಿತ್ರೆ ಕಟ್ಟಿಬಿಟ್ಟಿದ್ದೆ. ಬಂದ ವಾರದಲ್ಲಿಯೇ ನೆರೆಮನೆಯ ಮಾಷ್ ಅದನ್ನು ಮುರಿದರು. ಕಾಸರಕವೆಂದರೆ ಒಂದು ಕಹಿ ಮರ, ಅದರ ಬೀಜ ವಿಷ. ಅದನ್ನೇ ಮಲೆಯಾಳದಲ್ಲಿ ಕಾಞ್ಞಿರವೆನ್ನುತ್ತಾರೆ, ಹಿಂದಿನವರು ಈ ಊರನ್ನು ಕಾಞ್ಞಿರಕ್ಕೋಡ್ ಎಂದದ್ದೂ ಉಂಟು ಎಂದರು. ಕೆರೆ ಎಂಬ ಅರ್ಥದ ಸಂಸ್ಕೃತದ ಕಾಸಾರದಿಂದ ಹೆಸರು ಬಂತೆನ್ನುವವರೂ ಇದ್ದಾರೆ. ಅದೇನೇ ಇರಲಿ, ಅಕ್ಷರ ಒಂದೇ ಆದ ಮಾತ್ರಕ್ಕೆ ಬೇರು ಒಂದೇ ಅಲ್ಲ ಎಂಬ ಪಾಠವನ್ನು ನಾನು ಈ ಊರಿಗೆ ಕಾಲಿಡುವಾಗಲೇ ಕಲಿತೆ.

ಮಾಷ್ ಎಂದರೆ ಭೂಗೋಳ ಕಲಿಸಿ ನಿವೃತ್ತರಾದವರು. ಮನೆಮಾತು ಮಲೆಯಾಳ. ಆದರೆ ಅವರು ಹುಡುಗರಾಗಿದ್ದಾಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಾದ್ದರಿಂದ ಓದಿದ್ದು ಕನ್ನಡ ಶಾಲೆಯಲ್ಲಿ. ಅವರ ಸೋದರಮಾವನಿಂದ ಬಂದ, ಹಿಂಬದಿಗೆ ಬಟ್ಟೆ ಅಂಟಿಸಿದ ನಾಲ್ಕು ಹಳೆಯ ನಕಾಶೆ ಹಾಳೆಗಳು ಅವರಲ್ಲಿದ್ದವು. ಸರ್ವೆ ಆಫ್ ಇಂಡಿಯಾದ ಅಂಗುಲಕ್ಕೊಂದು ಮೈಲಿಯ ಹಾಳೆಗಳು. ಆ ಕಾಲದಲ್ಲಿ ಕರಾವಳಿಯ ಇಂಥ ಹಾಳೆಗಳು ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಗಡಿ ಮತ್ತು ಕರಾವಳಿಯ ನಕಾಶೆಗಳ ಮೇಲಿನ ಕಟ್ಟು ಸಡಿಲವಾದದ್ದು 2005ರ ನಕಾಶೆ ನೀತಿಯಿಂದ ಸ್ವಲ್ಪ, 2021ರ ಹೊಸ ನಿಯಮದಿಂದ ಹೆಚ್ಚು. ಹಾಗಾಗಿ ಮಾಷ್ ಆ ಹಾಳೆಗಳನ್ನು ಬಿಚ್ಚುವ ಮೊದಲು ಎದ್ದು ಹೋಗಿ ಮುಂಬಾಗಿಲು ಹಾಕಿ ಬರುತ್ತಿದ್ದರು. ಅವರ ಮನೆಯವರು ಇದನ್ನು ಕಂಡು ನಗುತ್ತಿದ್ದರು.

ಮೊದಲ ಸಲ ನನಗೆ ವಿಚಿತ್ರವೆನಿಸಿದ್ದು ಒಂದೇ ಊರನ್ನು ನೋಡಲು ನಾಲ್ಕು ಹಾಳೆ ಯಾಕೆ ಬೇಕೆಂಬುದು. ಕಾರಣ ಸರಳ. ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಉದ್ದದ ಚೌಕಗಳಾಗಿ ದೇಶವನ್ನು ಭಾಗ ಮಾಡಿ ಒಂದೊಂದಕ್ಕೆ ಒಂದು ಸಂಖ್ಯೆ ಕೊಟ್ಟಿದ್ದಾರೆ. ಕಾಸರಗೋಡಿನದು 48. ಆ ಚೌಕವನ್ನು ಒಂದೊಂದು ಡಿಗ್ರಿಯ ಹದಿನಾರು ಭಾಗ ಮಾಡಿ ಎ ಇಂದ ಪಿ ವರೆಗೆ ಅಕ್ಷರ, ಅದನ್ನು ಮತ್ತೆ ಹದಿನಾರು ಮಾಡಿ ಒಂದರಿಂದ ಹದಿನಾರರ ಅಂಕೆ. ಹೀಗೆ ಬಂದ ಒಂದೊಂದು ಹಾಳೆಯಲ್ಲಿ ಕಾಲು ಡಿಗ್ರಿ ನೆಲ, ಸುಮಾರು 17 ಅಂಗುಲದ ಚೌಕ. ಈಗ ನೋಡಿ: ಕಾಸರಗೋಡು ಇರುವುದು ಹೆಚ್ಚುಕಡಿಮೆ ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶ ಮತ್ತು ಎಪ್ಪತ್ತೈದು ಡಿಗ್ರಿ ಪೂರ್ವ ರೇಖಾಂಶ ಕೂಡುವಲ್ಲಿ. ಎರಡೂ ಹಾಳೆಯ ಅಂಚುಗಳೇ. ಆದ್ದರಿಂದ 48 ಎಲ್/14, 48 ಎಲ್/15, 48 ಪಿ/2, 48 ಪಿ/3 ಈ ನಾಲ್ಕೂ ಹಾಳೆಗಳ ಮೂಲೆಗಳು ನಮ್ಮ ಪೇಟೆಯ ಹತ್ತಿರವೇ ಬಂದು ಕೂಡುತ್ತವೆ. ಪೇಟೆಯಿಂದ ಹೊರಟು ವಿದ್ಯಾನಗರದ ಕಡೆಗೆ ನಡೆದರೆ ಒಂದು ಹಾಳೆ ದಾಟಿ ಇನ್ನೊಂದಕ್ಕೆ ಹೋಗುತ್ತೀರಿ. ಊರಿನ ಮಧ್ಯೆ ಹೀಗೆ ಗೆರೆ ಎಳೆದವನಿಗೆ ಊರಿನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅವನ ಲೆಕ್ಕ ಲಂಡನ್ನಿನ ಗ್ರೀನಿಚ್‌ನಿಂದ ಬಂದದ್ದು. ನಮ್ಮ ಸೀಮೆ 56ನೆಯ ಚೌಕದಲ್ಲಿ ಬರುತ್ತದೆ ಎಂದು ಮಾಷ್ ಅಂದೇ ಹೇಳಿದರು.

ಈ ಎರಡು ಚೌಕಗಳಿಗೂ ತಾಯಿ ಒಂದೇ ಎಂಬುದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು. ಕರ್ನಲ್ ಲ್ಯಾಂಬ್ಟನ್ 1802ರ ಏಪ್ರಿಲಿನಲ್ಲಿ ಮದ್ರಾಸಿನ ಪರಂಗಿಮಲೆಯ ಬಳಿ ಸರಪಳಿ ಹಿಡಿದು ಒಂದು ಅಡಿಗೆರೆಯನ್ನು ಅಳೆದು, ಅದರ ಮೇಲೆ ತ್ರಿಕೋಣಗಳನ್ನು ಕಟ್ಟುತ್ತಾ ಬೆಂಗಳೂರು ಹಾದು ಮಂಗಳೂರಿನ ಕಡಲವರೆಗೆ ಬಂದ. ಹಳೆಯ ನಕಾಶೆಗಳು ಮೂಡಣ ಕಡಲಿಂದ ಪಡುವಣ ಕಡಲಿಗೆ 400 ಮೈಲಿ ಎನ್ನುತ್ತಿದ್ದವು, ಅವನ ತ್ರಿಕೋಣಗಳು 360 ಎಂದವು. ನಲವತ್ತು ಮೈಲಿ ನೆಲ ಕಾಗದದ ಮೇಲಿಂದ ಮಾಯವಾಯಿತು, ಒಬ್ಬ ರೈತನ ಒಂದು ಗುಂಟೆಯೂ ಹೋಗಲಿಲ್ಲ. ಅವನ ಇನ್ನೊಂದು ತ್ರಿಕೋಣಮಾಲೆ ಉತ್ತರಕ್ಕೆ ಏರಿ 1815ರಲ್ಲಿ ಬೀದರಿನ ಹತ್ತಿರ ಮತ್ತೊಂದು ಅಡಿಗೆರೆಗೆ ಬಂದು ನಿಂತಿತು. ವಲಾಂಡಿಯನ್ನು ಕಾಗದದ ಮೇಲೆ ಕೂರಿಸಿದ್ದು ಆ ಗೆರೆಯ ಆಧಾರದಿಂದ ಬೆಳೆದ ಕೆಲಸ, ಕಾಸರಗೋಡನ್ನು ಕೂರಿಸಿದ್ದು ಮಂಗಳೂರಿಗೆ ಬಂದ ಮಾಲೆಯ ಆಧಾರದಿಂದ ಬೆಳೆದದ್ದು. ಆಮೇಲೆ 1827ರಿಂದ ಅಂಗುಲಕ್ಕೆ ನಾಲ್ಕು ಮೈಲಿಯ ಅಟ್ಲಾಸ್ ಹಾಳೆಗಳು ಲಂಡನ್ನಿನಲ್ಲಿ ಅಚ್ಚಾಗತೊಡಗಿದವು. ಬಣ್ಣದ ಅಂಗುಲದ ಹಾಳೆಗಳು ಬಂದದ್ದು 1905ರ ಅನಂತರದ ಹೊಸ ಸರ್ವೆಯಿಂದ.

ಮಳೆಗಾಲದ ರಜಾದಿನಗಳಲ್ಲಿ ನಾವಿಬ್ಬರೂ ಚಾವಡಿಯ ನೆಲದ ಮೇಲೆ ಆ ಹಾಳೆಗಳನ್ನು ಜೋಡಿಸಿಕೊಂಡು ಕೂರುತ್ತಿದ್ದೆವು. ಬಯಲುಸೀಮೆಯವನಾದ ನನಗೆ ಕರಾವಳಿ ಅರ್ಥವಾದದ್ದೇ ಹಾಗೆ. ನಮ್ಮಲ್ಲಿ ಊರೆಂದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಒಂದು ಮುದ್ದೆ. ಸುತ್ತ ಎರೆಹೊಲ, ಎಲ್ಲ ಬಂಡಿದಾರಿಗಳೂ ಬಂದು ಸೇರುವುದು ಅಲ್ಲಿಗೇ. ಇಲ್ಲಿ ಅಂಥ ಮುದ್ದೆ ಕಾಣುವುದು ಪೇಟೆಯಲ್ಲಿ ಮಾತ್ರ. ಉಳಿದದ್ದೆಲ್ಲ ಚೆಲ್ಲಿದ ಅವಲಕ್ಕಿಯ ಹಾಗೆ ಒಂಟಿ ಮನೆಗಳ ಚುಕ್ಕೆಗಳು. ಪ್ರತಿ ಮನೆಗೂ ಅದರದೇ ಹಿತ್ತಿಲು, ಅದರದೇ ಬಾವಿ, ಅದರದೇ ಹೆಸರು. ಕಂದುಬಣ್ಣದ ಸಮೋನ್ನತ ರೇಖೆಗಳು ಕಡಲ ಹತ್ತಿರ ದೂರ ದೂರ, ಸ್ವಲ್ಪ ಒಳಕ್ಕೆ ಬಂದರೆ ಮುರಕಲ್ಲಿನ ಗುಡ್ಡಗಳ ಸುತ್ತ ಒತ್ತಾಗಿ. ಆ ಗುಡ್ಡಗಳ ನಡುವೆ ಬೆರಳುಗಳ ಹಾಗೆ ಒಳಹೊಕ್ಕ ತಗ್ಗುಗಳು. ಮಾಷ್ ಪೆನ್ಸಿಲಿನ ಹಿಂತುದಿಯಿಂದ ತಗ್ಗುಗಳನ್ನು ತೋರಿಸಿ, "ಇದಕ್ಕೇ ಬೈಲು ಅನ್ನುವುದು ನೋಡಿ ಸಾರ್. ಅಡ್ಕತ್ತಬೈಲು, ಬೀರಂತಬೈಲು. ಮೇಲೆ ಚಪ್ಪಟೆಯಾಗಿ ಒಣಗಿದ್ದು ಅಡ್ಕ. ಹೆಸರು ಕೇಳಿದರೆ ಸಾಕು, ನೀರು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ" ಎನ್ನುತ್ತಿದ್ದರು. ಈಗ ಅದೇ ಬೈಲುಗಳನ್ನು ಮಣ್ಣು ತುಂಬಿಸಿ ಮನೆ ಕಟ್ಟಿ, ಜೂನ್ ತಿಂಗಳಲ್ಲಿ ಮನೆಯೊಳಗೆ ನೀರು ಬಂತೆಂದು ದೂರುವವರು ಹೆಸರಿನ ಅರ್ಥವನ್ನು ಒಮ್ಮೆ ಕೇಳಿಕೊಂಡಿದ್ದರೆ ಚೆನ್ನಾಗಿತ್ತು.

ಹಾಳೆಗಳಲ್ಲಿ ಎದ್ದು ಕಾಣುವುದು ಚಂದ್ರಗಿರಿ ಹೊಳೆ. ಕೊಡಗಿನ ಬೆಟ್ಟದಿಂದ ಪಯಸ್ವಿನಿಯಾಗಿ ಇಳಿದು, ಪೇಟೆಯ ದಕ್ಷಿಣಕ್ಕೆ ಅಗಲವಾಗಿ ತಳಂಗರೆಯ ಬದಿಯಲ್ಲಿ ಕಡಲಿಗೆ ಸೇರುತ್ತದೆ. ದಕ್ಷಿಣದ ದಂಡೆಯ ಮೇಲೆ ಕೋಟೆ, ಉತ್ತರದ ದಂಡೆಯ ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿ. 1801ರ ಜನವರಿಯಲ್ಲಿ ಬುಕಾನನ್ ದಕ್ಷಿಣದಿಂದ ಬಂದು ಈ ಹೊಳೆಯನ್ನು ದಾಟಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ಮಲೆಯಾಳ ನಾಡು ಮುಗಿದು ತುಳುವ ನಾಡು ಶುರುವಾಗುವುದು ಇಲ್ಲಿಂದ. ಅವನು ಬರುವುದಕ್ಕೆ ಎರಡು ವರ್ಷ ಮೊದಲಷ್ಟೇ, 1799ರಲ್ಲಿ, ಟಿಪ್ಪುವಿನ ಪತನದೊಂದಿಗೆ ಕೆನರಾ ಕಂಪೆನಿಯ ಕೈಗೆ ಬಂದಿತ್ತು. ಇದಕ್ಕೂ ಸುಮಾರು ಮುನ್ನೂರು ವರ್ಷ ಹಿಂದೆ, 1514ರ ಸುಮಾರಿಗೆ, ಪೋರ್ಚುಗೀಸನಾದ ಬಾರ್ಬೋಸಾ ಉತ್ತರದ ಕುಂಬಳೆಯಲ್ಲಿ ಅಕ್ಕಿ ಹಡಗು ಹತ್ತುವುದನ್ನೂ ಅದಕ್ಕೆ ಬದಲಾಗಿ ಮಾಲ್ಡೀವಿನ ತೆಂಗಿನ ನಾರು ಬರುವುದನ್ನೂ ಬರೆದಿದ್ದಾನೆ. ಆ ಕುಂಬಳೆ ಅರಸರ ಬೀಡಾಗಿತ್ತು, ಪಾರ್ತಿಸುಬ್ಬನಂಥ ಯಕ್ಷಗಾನ ಕವಿಯ ಊರಾಗಿತ್ತು. ಅಂಗುಲದ ಹಾಳೆಯಲ್ಲಿ ಅದು ಹಿನ್ನೀರಿನ ಪಕ್ಕದ ಒಂದು ಚಿಕ್ಕ ಪೇಟೆ ಮಾತ್ರ. 1907ರಲ್ಲಿ ಮಂಗಳೂರು ಮುಟ್ಟಿದ ರೈಲುದಾರಿ ಕಪ್ಪು ದಾರದ ಹಾಗೆ ಈ ಎಲ್ಲ ಅಳಿವೆಗಳನ್ನೂ ದಾಟಿ ಹೋಗುತ್ತದೆ. ದೋಣಿಯಿಂದ ಬಾಳುತ್ತಿದ್ದ ಊರುಗಳನ್ನು ನಿಲ್ದಾಣದ ಊರುಗಳನ್ನಾಗಿ ಮಾಡಿದ್ದು ಆ ದಾರ.

ಇಲ್ಲಿಯವರೆಗೆ ನಮ್ಮಿಬ್ಬರಲ್ಲಿ ಜಗಳವಿರಲಿಲ್ಲ. ಜಗಳ ಬರುತ್ತಿದ್ದುದು ಹೆಸರುಗಳಲ್ಲಿ.

ನಿಜ ಹೇಳುತ್ತೇನೆ, ನಾನು ಆ ಹಾಳೆಗಳಲ್ಲಿ ಸಾಕ್ಷಿ ಹುಡುಕುತ್ತಿದ್ದೆ. ಅದಕ್ಕೆ ಮನೆಯ ಕಾರಣವಿದೆ. 1966ರಲ್ಲಿ ಮಹಾಜನ ಆಯೋಗ ಬಂದಾಗ ನಮ್ಮಪ್ಪ ಮತ್ತು ಊರಿನ ನಾಲ್ಕು ಜನ ಹಿರಿಯರು ಕಾಗದದ ಗಂಟು ಕಟ್ಟಿಕೊಂಡು ಓಡಾಡಿದ್ದು ನನಗೆ ಮಸುಕಾಗಿ ನೆನಪಿದೆ. ನಮ್ಮ ಸೀಮೆ ಕನ್ನಡದ್ದೆಂದು ತೋರಿಸುವ ಕಾಗದ ಬೇಕಾಗಿತ್ತು. ಗಂಟಿನಲ್ಲಿದ್ದದ್ದೆಲ್ಲ ಉರ್ದು. ಹಳೆಯ ಮಾತು ಎತ್ತಿದರೆ ನಮ್ಮಲ್ಲಿ ಆಧಾರಕ್ಕೆ ಕೊರತೆಯಿಲ್ಲ. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು, ಆ ಲಟ್ಟಲೂರೇ ಲಾತೂರೆಂದು ವಿದ್ವಾಂಸರು ಗುರುತಿಸುತ್ತಾರೆ. ಕವಿರಾಜಮಾರ್ಗ ಕನ್ನಡನಾಡಿನ ಬಡಗಣ ಎಲ್ಲೆಯಾಗಿ ಹೇಳುವ ಗೋದಾವರಿ ನಮ್ಮೂರಿಗಿಂತ ಉತ್ತರಕ್ಕಿದೆ. ಆದರೆ ಒಂಬತ್ತನೆಯ ಶತಮಾನದ ಎಲ್ಲೆ ಹಿಡಿದುಕೊಂಡು ತಹಸೀಲು ಕಚೇರಿಗೆ ಹೋಗುವುದು ಹೇಗೆ? 1967ರ ವರದಿಯಲ್ಲಿ ಮಹಾಜನರು ಚಂದ್ರಗಿರಿಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಬೇಕೆಂದರು. ಅದು ಜಾರಿಗೆ ಬರಲಿಲ್ಲ. ಅಪ್ಪನ ಗಂಟು ಹಾಗೇ ಅಟ್ಟದ ಮೇಲೆ ಉಳಿಯಿತು.

ಹಾಗಾಗಿ ಮಾಷರ ಹಾಳೆಯಲ್ಲಿ ಹೊಸದುರ್ಗ ಎಂಬ ಹೆಸರನ್ನು ಬೆರಳಿಟ್ಟು ತೋರಿಸಿ, "ಕಂಡಿರಾ ಮಾಷೇ, ಹೊಸತು ಅನ್ನುವುದು ಕನ್ನಡ" ಎಂದು ನಾನು ಹೆಮ್ಮೆಯಿಂದ ಹೇಳಿದೆ. ಇಂಗ್ಲಿಷರ ಬಾಯಲ್ಲಿ ಅದು ಹೊಸ್‌ಡ್ರುಗ್ ಆಗಿತ್ತು. ಮಾಷ್ ನಕ್ಕರು. "ಕೋಟೆ ಕಟ್ಟಿಸಿದವರು ಇಕ್ಕೇರಿಯವರು, ಅವರ ಕನ್ನಡ ಅದು. ಕೋಟೆಯ ಬುಡದಲ್ಲಿ ಮೀನು ಮಾರುತ್ತಿದ್ದವಳು ಪುದಿಯಕೋಟ್ಟ ಅಂತಲೇ ಹೇಳಿರಬೇಕು. ಸರ್ವೆಯವನು ಅವಳನ್ನು ಕೇಳಲಿಲ್ಲ, ಶಾನುಭೋಗರನ್ನು ಕೇಳಿದ."

ಈ ಒಂದು ಮಾತನ್ನು ಜೀರ್ಣಿಸಿಕೊಳ್ಳಲು ನನಗೆ ವರ್ಷಗಳೇ ಬೇಕಾದವು. ಬೇಕಲ, ಚಂದ್ರಗಿರಿ ಕೋಟೆಗಳನ್ನು ಶಿವಪ್ಪನಾಯಕನ ಹೆಸರಿನಲ್ಲಿ ಹೇಳುವುದು ವಾಡಿಕೆ. ಕೋಟೆಯ ಹೆಸರು ಕಟ್ಟಿಸಿದವನ ಭಾಷೆಯನ್ನು ಹೇಳುತ್ತದೆಯೇ ಹೊರತು ಸುತ್ತಲ ಒಕ್ಕಲಿನ ಭಾಷೆಯನ್ನಲ್ಲ. ನಮ್ಮ ಕಡೆ ಔರಾದ ಶಹಾಜಾನಿ ಎಂಬ ಊರಿದೆ. ಆ ಹೆಸರಿನಿಂದ ಅಲ್ಲಿಯವರೆಲ್ಲ ಪಾರಸಿ ಆಡುತ್ತಿದ್ದರೆಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆಯೇ? ಇಲ್ಲಿನ ಶಾನುಭೋಗರ ಕಡತ ಕನ್ನಡದಲ್ಲಿತ್ತು, ಪಟೇಲರ ಪತ್ರ ಕನ್ನಡದಲ್ಲಿತ್ತು. ಕಡತದ ಬಾಯಿಯಿಂದಲೇ ಹೆಸರುಗಳು ಸರ್ವೆಯವನ ಪುಸ್ತಕಕ್ಕೆ ಹೋದವು. ತುಳುವಿಗೆ, ಬ್ಯಾರಿಗೆ, ಕೊಂಕಣಿಗೆ, ಮಾಪಿಳ್ಳೆಯ ಮಾತಿಗೆ ಅಲ್ಲಿ ಕಡತವೇ ಇರಲಿಲ್ಲ. ನಮ್ಮೂರಲ್ಲಿ ಕನ್ನಡ ಕಾಗದಕ್ಕೆ ಬಾರದೆ ಹೋಯಿತೆಂದು ಅಪ್ಪ ಕೊರಗಿದರು. ಇಲ್ಲಿ ಅದೇ ಕನ್ನಡ ಕಾಗದದ ಒಡೆಯನಾಗಿ, ತುಳುವನ್ನೂ ಮಲೆಯಾಳವನ್ನೂ ಹೊರಗೆ ಜಗಲಿಯ ಮೇಲೆ ಕೂರಿಸಿತ್ತು. ಇದನ್ನು ನಮ್ಮ ಸಭೆಗಳಲ್ಲಿ ಹೇಳಿದರೆ ಕೆಲವರಿಗೆ ಹಿತವಾಗುವುದಿಲ್ಲವೆಂದು ನನಗೆ ಗೊತ್ತು.

ಹಾಗೆಂದು ಮಾಷರ ಮಾತನ್ನು ಪೂರ್ತಿ ಒಪ್ಪಿಕೊಂಡೆನೆಂದು ತಿಳಿಯಬಾರದು. ಯಾರೇ ಹೇಳಿರಲಿ, ಬರೆದ ಹೆಸರು ಬರೆದ ಹೆಸರೇ. 2021ರ ಜೂನಿನಲ್ಲಿ ಕಾಸರಗೋಡಿನ ಗ್ರಾಮನಾಮಗಳು ಬದಲಾಗುತ್ತಿವೆಯೆಂಬ ಸುದ್ದಿ ಎದ್ದು, ಕರ್ನಾಟಕದ ನಾಯಕರು ಕೇರಳದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಅಂಥ ನಿರ್ಧಾರವೇ ಇಲ್ಲವೆಂದು ಕೇರಳದ ಕಡೆಯಿಂದ ಉತ್ತರ ಬಂತು. ಪತ್ರಿಕೆಯ ಪಟ್ಟಿಯನ್ನು ಹಿಡಿದುಕೊಂಡು ನಾನು ಮಾಷರ ಮನೆಗೆ ಹೋದೆ. ಅವರಿಗೆ ಆಗ ಎಂಬತ್ತು ದಾಟಿತ್ತು. ಹಾಳೆಗಳನ್ನು ಮತ್ತೆ ಬಿಚ್ಚಿದೆವು. ಈ ಸಲ ಬಾಗಿಲು ಹಾಕುವ ಅಗತ್ಯವಿರಲಿಲ್ಲ.

ಪಟ್ಟಿಯನ್ನು ಹಾಳೆಯ ಪಕ್ಕ ಇಟ್ಟುಕೊಂಡು ಒಂದೊಂದೇ ಹೆಸರು ನೋಡುತ್ತಾ ಹೋದಾಗ ಎಲ್ಲವೂ ಒಂದೇ ಬಗೆಯದಲ್ಲವೆಂದು ತಿಳಿಯಿತು. ಸಸಿಹಿತ್ಲು ಮತ್ತು ತೈವಳಪ್ಪ್ ಎಂಬ ಜೋಡಿಯಲ್ಲಿ ಸಸಿಯೇ ತೈ, ಹಿತ್ತಿಲೇ ವಳಪ್ಪ್. ಹೊಸದುರ್ಗ, ಪುದಿಯಕೋಟ್ಟಗಳದೂ ಹಾಗೆಯೇ. ಒಬ್ಬರ ಹೆಸರನ್ನು ಇನ್ನೊಬ್ಬರು ಕದ್ದರೆನ್ನಲು ಆಗುವುದಿಲ್ಲ, ಎರಡು ಭಾಷೆಯವರು ಒಂದೇ ಜಾಗವನ್ನು ನೋಡಿ ತಮ್ಮ ತಮ್ಮ ಮಾತಿನಲ್ಲಿ ಕರೆದಿದ್ದಾರೆ. ನೆಲ್ಲಿಕುಂಜ, ನೆಲ್ಲಿಕ್ಕುನ್ನ್‌ಗಳಲ್ಲಿ ಬಾಲ ಮಾತ್ರ ಬೇರೆ. ನೆಲ್ಲಿ ಇಬ್ಬರಿಗೂ ನೆಲ್ಲಿಯೇ. ಆದರೆ ಮಧೂರಿಗೆ ಕೊನೆಯಲ್ಲಿ ಒಂದು ಸೊನ್ನೆ ಅಂಟಿಸಿ ಮಧುರಂ ಮಾಡುವುದಿದೆಯಲ್ಲ, ಅದು ನನ್ನ ಕಿವಿಗೆ ಯಾರ ಬಾಯಿಯಿಂದಲೂ ಬಂದದ್ದೆನಿಸುವುದಿಲ್ಲ. ಅದು ಮೇಜಿನ ಮೇಲೆ ಹುಟ್ಟಿದ ಹೆಸರು. ಇದನ್ನು ಹೇಳಿದಾಗ ಮಾಷ್ ಕನ್ನಡಕ ತೆಗೆದು ಒರೆಸಿಕೊಂಡು, "ಅದು ಸರಿ ಸಾರ್. ಮಧೂರು ಮಧೂರೇ. ನಾನು ಹುಟ್ಟಿದಂದಿನಿಂದ ಕೇಳಿದ್ದು ಹಾಗೆಯೇ" ಎಂದರು. ಆ ದಿನ ನನಗಾದ ಸಂತೋಷ ಯಾವ ಆಯೋಗದ ವರದಿಯಿಂದಲೂ ಆಗಿರಲಿಲ್ಲ.

ನಾವು ಕೊನೆಗೆ ನೋಡಿದ್ದು ಗಡಿಯನ್ನು. ಆ ಹಳೆಯ ಹಾಳೆಗಳಲ್ಲಿ ಕೇರಳವಿಲ್ಲ, ಕರ್ನಾಟಕವೂ ಇಲ್ಲ. ಕೆನರಾ ಎರಡಾಗಿ ಉತ್ತರದ ಭಾಗ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣದ್ದು ಮದ್ರಾಸಿನಲ್ಲೇ ಉಳಿಯಿತು. ಮಲಬಾರ್ ಜಿಲ್ಲೆಯೊಂದಿಗಿನ ಎಲ್ಲೆ ನೀಲೇಶ್ವರದಿಂದಲೂ ಆಚೆಗಿತ್ತು. ಹಾಗಾದರೆ ಇಂದು ತಲಪಾಡಿಯಲ್ಲಿ ಬಸ್ಸು ನಿಲ್ಲುವ ಆ ರಾಜ್ಯದ ಗಡಿ ಎಲ್ಲಿ? ಬಹಳ ಹೊತ್ತು ಹುಡುಕಿದ ಮೇಲೆ ಮಂಜೇಶ್ವರದ ಉತ್ತರಕ್ಕೆ, ಹಾಳೆಯ ಅಂಚಿನ ಹತ್ತಿರ ಒಂದು ತೆಳ್ಳಗಿನ ಚುಕ್ಕೆಗೆರೆ ಸಿಕ್ಕಿತು. ಕಾಸರಗೋಡು ತಾಲೂಕು ಮತ್ತು ಮಂಗಳೂರು ತಾಲೂಕಿನ ನಡುವಿನ ಗೆರೆ ಅದು. ಕಂದಾಯದ ಲೆಕ್ಕ ಯಾವ ಕಚೇರಿಗೆ ಹೋಗಬೇಕೆಂದು ಹೇಳುವುದಕ್ಕೆ ಎಳೆದದ್ದು. ಹೆಣ್ಣು ಕೊಡುವವರು, ಹಸು ಮಾರುವವರು, ಆಟ ನೋಡಲು ಹೋಗುವವರು ಯಾರೂ ಅದನ್ನು ಗಮನಿಸಿರಲಿಲ್ಲ. 1956ರ ನವೆಂಬರ್ 1ರಂದು ತಾಲೂಕನ್ನು ಇಡಿಯಾಗಿ ಎತ್ತಿ ಕೇರಳಕ್ಕೆ ಸೇರಿಸಿದಾಗ ಆ ಚುಕ್ಕೆಗೆರೆ ರಾಜ್ಯದ ಗೆರೆಯಾಯಿತು. ಮಕ್ಕಳು ಯಾವ ಅಕ್ಷರ ಮೊದಲು ತಿದ್ದಬೇಕು, ಅಜ್ಜನ ಕನ್ನಡದ ಪಟ್ಟೆಯನ್ನು ಕಚೇರಿಯಲ್ಲಿ ಯಾರು ಓದಿ ಹೇಳಬೇಕು ಎಂಬುದೆಲ್ಲ ಅದರ ಮೇಲೆ ನಿಂತಿತು.

ಇದನ್ನು ನೋಡುತ್ತಿದ್ದ ಹಾಗೇ ನನಗೆ ನಮ್ಮ ಸೀಮೆ ಹೊಳೆಯಿತು. ಅದೇ ದಿನ, ಅದೇ ಕಾಯಿದೆಯಿಂದ, ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ಭಾಲ್ಕಿ, ಹುಮನಾಬಾದ, ಬೀದರಗಳು ಮೈಸೂರಿಗೆ ಬಂದವು. ಅಲ್ಲಿಯೂ ನಿಜ಼ಾಮನ ಕಾಲದ ತಾಲೂಕಿನ ಗೆರೆಯೇ ರಾಜ್ಯದ ಗೆರೆಯಾದದ್ದು. ಒಂದು ಕಡೆ ಮದ್ರಾಸಿನ ಕಲೆಕ್ಟರನ ಗೆರೆ, ಇನ್ನೊಂದು ಕಡೆ ಹೈದರಾಬಾದಿನ ತಹಸೀಲ್ದಾರನ ಗೆರೆ. ಎಳೆದ ಇಬ್ಬರಿಗೂ ಭಾಷೆಯ ಯೋಚನೆ ಇದ್ದಿರಲಾರದು. ನಮ್ಮಪ್ಪ ಹುಡುಕುತ್ತಿದ್ದದ್ದು ನಮ್ಮ ನೆಲ ಯಾವ ಭಾಷೆಯದೆಂಬ ಕಾಗದ. ನಕಾಶೆಯಲ್ಲಿದ್ದದ್ದು ನಮ್ಮ ಕಂದಾಯ ಯಾರಿಗೆಂಬ ಗೆರೆ ಮಾತ್ರ. ಅಪ್ಪ ಇದ್ದಿದ್ದರೆ ಇದನ್ನು ಅವರಿಗೆ ಹೇಳಬೇಕೆನಿಸಿತು. ಕೇಳಿ ಸಮಾಧಾನ ಪಡುತ್ತಿದ್ದರೋ ಇನ್ನಷ್ಟು ಸಿಟ್ಟಾಗುತ್ತಿದ್ದರೋ ತಿಳಿಯದು.

ಆಮೇಲೂ ಜಿಲ್ಲೆಗಳು ಬದಲಾಗುತ್ತಲೇ ಇದ್ದವು. 1982ರಲ್ಲಿ ಲಾತೂರು ಜಿಲ್ಲೆ ಬೇರೆಯಾಗಿ ನಮ್ಮ ಮನೆಯ ವಿಳಾಸ ಬದಲಾಯಿತು. ನಾನು ಇಲ್ಲಿಗೆ ಬಂದ ಮರುವರ್ಷ, 1984ರ ಮೇ 24ರಂದು, ಕಾಸರಗೋಡು ಜಿಲ್ಲೆಯಾಗಿ ಈ ವಿಳಾಸವೂ ಬದಲಾಯಿತು. ಅವ್ವ ಬರೆಸಿದ ಒಂದು ಕಾಗದ ಆ ಗಡಿಬಿಡಿಯಲ್ಲಿ ಕಣ್ಣೂರು ಸುತ್ತಿಕೊಂಡು ತಡವಾಗಿ ಬಂದದ್ದು ನೆನಪಿದೆ.

ಮಾಷ್ ಈಗ ಇಲ್ಲ. ಅವರ ಮಗಳು ಗಲ್ಫಿಗೆ ಹೊರಡುವ ಮುಂಚೆ ಹಾಳೆಗಳನ್ನು ತಂದು ನನ್ನ ಕೈಗೆ ಕೊಟ್ಟು, "ಅಪ್ಪ ನಿಮಗೇ ಅಂತ ಹೇಳಿದ್ದರು ಅಂಕಲ್" ಎಂದಳು. ಬಟ್ಟೆಯ ಮಡಿಕೆಗಳಲ್ಲಿ ಕಾಗದ ಸವೆದು, ನಾಲ್ಕೂ ಮೂಲೆ ಕೂಡುವ ಕಡೆ ಪೇಟೆಯ ಒಂದಷ್ಟು ಭಾಗ ಕಾಣಿಸದ ಹಾಗಾಗಿದೆ. ಅವುಗಳ ಅಂಚಿನಲ್ಲಿ ಮಾಷ್ ಪೆನ್ಸಿಲಿನಲ್ಲಿ ಹಿತ್ತಿಲುಗಳ, ಪಡ್ಪುಗಳ, ಕಡಪ್ಪುರದ ಹೆಸರುಗಳನ್ನು ಬರೆದಿದ್ದಾರೆ. ಕೆಲವು ಕನ್ನಡ ಅಕ್ಷರದಲ್ಲಿ, ಕೆಲವು ಮಲೆಯಾಳದಲ್ಲಿ. ಅಂಗುಲಕ್ಕೊಂದು ಮೈಲಿಯ ನಕಾಶೆಯಲ್ಲಿ ಹಿತ್ತಿಲಿಗೆ ಜಾಗವೆಲ್ಲಿ? ಆದ್ದರಿಂದ ಅವು ಅಚ್ಚಾಗಲೇ ಇಲ್ಲ. ಮನೆಗಳು ಪಾಲಾಗಿ, ಹಿತ್ತಿಲುಗಳು ಸೆಂಟುಗಳಾಗಿ ಮಾರಾಟವಾದ ಮೇಲೆ ಅವನ್ನು ಬಲ್ಲವರೂ ಕಡಿಮೆ.

ಕಳೆದ ದೀಪಾವಳಿಗೆ ವಲಾಂಡಿಯ ಅಣ್ಣನಿಗೆ ಫೋನು ಮಾಡಿ ನಮ್ಮ ಹೊಲಗಳ ಹೆಸರು ಹೇಳೆಂದೆ. ಸಾತಬಾರಾದಲ್ಲಿ ಗಟ್ ನಂಬರು ಮಾತ್ರ ಇರುತ್ತದೆ. ಹುಣಸಿ ಹೊಲ, ಬಾವಿ ಪಟ್ಟಿ, ಮಡ್ಡಿ ಹೊಲ, ಎರಿ ಹೊಲ ಎಂದು ನಾಲ್ಕನ್ನು ಒಂದೇ ಉಸಿರಿಗೆ ಹೇಳಿದ. ಹಳ್ಳದ ಆಚೆ ಒಂದು ತುಂಡಿತ್ತಲ್ಲ, ನಾವು ಜ್ವಾಳ ಬಿತ್ತುತ್ತಿದ್ದೆವಲ್ಲ, ಅದರದು? ಅಣ್ಣ ಬಹಳ ಹೊತ್ತು ಸುಮ್ಮನಿದ್ದ. "ತಮ್ಮಾ, ಅದ್ರ ಹೆಸ್ರು ಅವ್ವಗ ಗೊತ್ತಿತ್ತು. ಹುಡುಗ್ರು ಈಗ ಅದಕ್ಕ ಪಲೀಕಡ್ಚ ಅಂತಾರ" ಎಂದ. ಪಲೀಕಡ್ಚ ಎಂದರೆ ಮರಾಠಿಯಲ್ಲಿ ಆಚೆ ಕಡೆಯದು. ನಮ್ಮ ಮನೆಯಲ್ಲಿ ಅದಕ್ಕೆ ಇನ್ನೇನೋ ಹೆಸರಿತ್ತು. ಊರಲ್ಲಿ ಅವ್ವನ ವಾರಿಗೆಯ ಒಬ್ಬಳು ಮುದುಕಿ ಇನ್ನೂ ಇದ್ದಾಳಂತೆ, ಅಕಿ ಕಿವಿ ಸ್ವಲ್ಪ ಮಂದ, ಯುಗಾದಿಗೆ ನೀನೇ ಬಂದು ಕೇಳು ಎಂದ.